ದೇನೆಶ್ ಹುಲ್ಲಿನಡಿಯಿಂದ ಯಾರನ್ನು ಕರೆದ?

ನಮ್ಮೂರಿನಲ್ಲಿ ಕೂಸು ಹುಟ್ಟಿದ ಕೂಡಲೇ ಅಳುವುದಿಲ್ಲ. ಮೊದಲು ಒಂದು ಕಣ್ಣನ್ನು ಅರೆ ತೆರೆದು ಸೂಲಗಿತ್ತಿಯ ಮುಖ ನೋಡುತ್ತದೆ. ಇವಳು ಮೇಲಿನ ಬೀದಿಯವಳೋ ಕೆಳಗಿನ ಬೀದಿಯವಳೋ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬಾಯಿ ತೆರೆಯುತ್ತದೆ. ಟ್ರಾನ್ಸಿಲ್ವೇನಿಯಾದ ಈ ಹೋಮೊರೋಡ್ ಹೊಳೆಯ ಆಚೀಚೆಗಿರುವ, ಹಂಗೇರಿಯನ್ ಮಾತಾಡುವ ಸೇಕೆಯ್ ಜನರ ಹಳ್ಳಿಗಳೆಲ್ಲ ಹೀಗೆಯೇ ಅನ್ನುತ್ತಾರೆ. ನಾನು ಅದನ್ನೂ ಅಷ್ಟು ಸುಲಭವಾಗಿ ನಂಬುವವನಲ್ಲ.

ಮೇಲಿನ ಬೀದಿಯವರು ಕ್ಯಾಲ್ವಿನ್ ಪಂಗಡದವರು. ಅವರ ಪಾಲಿಗೆ ಯೇಸು ದೇವರೇ. ತಂದೆ, ಮಗ, ಪವಿತ್ರಾತ್ಮ ಮೂರೂ ಸೇರಿ ಒಂದೇ. ಕೆಳಗಿನ ಬೀದಿಯ ನಾವು ಯೂನಿಟೇರಿಯನ್ನರು. ದೇವರು ಒಬ್ಬನೇ, ಯೇಸು ಮನುಷ್ಯ, ಮನುಷ್ಯರಲ್ಲಿ ಎಲ್ಲರಿಗಿಂತ ದೊಡ್ಡವನು, ನಮ್ಮ ಗುರು, ಆದರೆ ಪ್ರಾರ್ಥನೆ ಸಲ್ಲಬೇಕಾದ್ದು ಅವನು ಯಾರಿಗೆ ಪ್ರಾರ್ಥಿಸಿದನೋ ಆ ತಂದೆಗೆ. ಎರಡೂ ಬೀದಿಯವರು ಓದುವುದು ಒಂದೇ ಬೈಬಲ್, ಒಂದೇ ಅಂಗಡಿಯಲ್ಲಿ ಕೊಂಡದ್ದು. ನಾನೂರು ವರ್ಷಗಳಿಂದ ಓದುತ್ತಿದ್ದೇವೆ. ಅವರಿಗೆ ಬೇಕಾದ್ದು ಅವರಿಗೆ ಸಿಗುತ್ತದೆ, ನಮಗೆ ಬೇಕಾದ್ದು ನಮಗೆ. ಓದಿ ಮುಗಿಸಿದ ಮೇಲೆ ಪುಸ್ತಕದ ಮೇಲಿನಿಂದ ಒಬ್ಬರನ್ನೊಬ್ಬರು ನೋಡುತ್ತೇವೆ.

ಲೊರಿಂತ್ಸಿ ದೇನೆಶ್ ಕೆಳಗಿನ ಬೀದಿಯವನು. ಹುಲ್ಲಿನ ಬಂಡಿ ಕಟ್ಟುವುದರಲ್ಲಿ ಅವನಿಗೆ ಸಮನಾದವನನ್ನು ನಾನು ನೋಡಿಲ್ಲ, ಮತ್ತು ನಾನು ಬಂಡಿ ಕೆಲಸದವನಾದ್ದರಿಂದ ಬಂಡಿಗಳನ್ನು ಸಾಕಷ್ಟು ನೋಡಿದ್ದೇನೆ. ಕೆಳಗಿನಿಂದ ಕವಲುಗೋಲಿನಲ್ಲಿ ಎತ್ತಿ ಕೊಟ್ಟ ಹುಲ್ಲನ್ನು ಅವನು ಮೇಲೆ ನಿಂತು ಮೊದಲು ನಾಲ್ಕು ಮೂಲೆಗೆ, ಆಮೇಲೆ ಅಂಚಿಗೆ, ಕೊನೆಗೆ ನಡುವಿಗೆ ತುಳಿದು ಕೂರಿಸುತ್ತಿದ್ದ. ಅವನು ಕಟ್ಟಿದ ಒಂದು ಬಂಡಿ ಎಷ್ಟು ಎತ್ತರವಾಗಿತ್ತೆಂದರೆ, ಮೇಲಿದ್ದವನು ಇಳಿದು ಬರುವಷ್ಟರಲ್ಲಿ ಗಡ್ಡ ಬಂದಿತ್ತು. ಅಷ್ಟಾದರೂ ಅವನ ಬಂಡಿ ಒಮ್ಮೆಯೂ ಉರುಳಿರಲಿಲ್ಲ. ಕೆಳಗಿನ ಬೀದಿಯ ಹೆಚ್ಚಿನವರು ಇದಕ್ಕಾಗಿ ಅವನನ್ನು ಮೆಚ್ಚುತ್ತಿದ್ದರು. ಮಿಕ್ಕವರು ಇದರ ಹಿಂದೆ ಏನೋ ಇರಬೇಕೆಂದು ಯೋಚಿಸುತ್ತಿದ್ದರು.

ಅವನು ಮಾಡಿದ ಒಂದೇ ಒಂದು ಅನುಮಾನಾಸ್ಪದ ಕೆಲಸವೆಂದರೆ ಮದುವೆ. ಪಿರೋಶ್ಕಾ ಮೇಲಿನ ಬೀದಿಯ ಹುಡುಗಿ. ಹೀಗೆ ಬೀದಿ ದಾಟಿ ಮದುವೆಯಾದವರಿಗೆ ನಮ್ಮಲ್ಲಿ ಹಳೆಯ ಕಟ್ಟಳೆ ಒಂದಿದೆ: ಹುಟ್ಟಿದ ಗಂಡುಮಕ್ಕಳು ತಂದೆಯ ಚರ್ಚಿಗೆ, ಹೆಣ್ಣುಮಕ್ಕಳು ತಾಯಿಯ ಚರ್ಚಿಗೆ. ಯಾರಿಗೂ ಅನ್ಯಾಯವಾಗಬಾರದೆಂದು ಹಿರಿಯರು ಮಾಡಿದ್ದು. ಆದರೆ ದೇನೆಶನಿಗೆ ಹುಟ್ಟಿದ್ದು ಮೂರೂ ಹೆಣ್ಣು. ಹೀಗಾಗಿ ಭಾನುವಾರ ಬೆಳಿಗ್ಗೆ ಅವನ ಮನೆಯ ಕೆತ್ತನೆಯ ಹೆಬ್ಬಾಗಿಲು ತೆರೆದರೆ, ನಾಲ್ಕು ಬಿಳಿ ರವಿಕೆಗಳು ಬಲಕ್ಕೆ ತಿರುಗಿ ಮೇಲಿನ ಬೀದಿಗೆ ಹೋಗುತ್ತಿದ್ದವು; ಒಂದು ಕರಿ ಟೋಪಿ ಎಡಕ್ಕೆ ತಿರುಗಿ ಕೆಳಗೆ ಬರುತ್ತಿತ್ತು. ಒಂದೇ ಸೂರಿನಡಿಯಲ್ಲಿ ಯೇಸು ದೇವರೆನ್ನುವವರು ನಾಲ್ವರು, ಅಲ್ಲವೆನ್ನುವವನು ಒಬ್ಬ. ನಾಲ್ಕು ನಾಯಿಗಳ ನಡುವೆ ಬೆಕ್ಕು ಎಷ್ಟು ದಿನ ಬೆಕ್ಕಾಗಿ ಉಳಿದೀತು ಎಂದು ನಮ್ಮ ಹೆಂಗಸರು ಬಾವಿಯ ಬಳಿ ಕೇಳುತ್ತಿದ್ದರು.

ಅವನು ಉಳಿದಿದ್ದ. ಊಟಕ್ಕೆ ಕೂತಾಗ ಪಿರೋಶ್ಕಾ ತನ್ನ ಪಂಗಡದ ಪದ್ಧತಿಯಂತೆ ಯೇಸುವನ್ನು ಊಟಕ್ಕೆ ಅತಿಥಿಯಾಗಿ ಕರೆಯುತ್ತಿದ್ದಳು. ದೇನೆಶ್ ತುಟಿ ಬಿಗಿ ಹಿಡಿದು ಕೂತಿದ್ದು, ಅದು ಮುಗಿದ ಮೇಲೆ ತನ್ನದನ್ನು ತಾನು ತಂದೆಗೆ ಹೇಳಿಕೊಂಡು ಚಮಚ ಎತ್ತುತ್ತಿದ್ದ. ಎರಡು ಪ್ರಾರ್ಥನೆಗಳ ನಡುವೆ ಎಲೆಕೋಸಿನ ಸಾರು ಆರಿಹೋಗುತ್ತಿತ್ತು. ಆ ಮನೆಯಲ್ಲಿ ನಾಲಿಗೆ ಸುಟ್ಟುಕೊಂಡವರೇ ಇಲ್ಲ. ಮಕ್ಕಳು ಮದುವೆಯಾಗಿ ಹೋದ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದರು. ಸಾರು ಆರುವುದು ಮಾತ್ರ ನಿಲ್ಲಲಿಲ್ಲ.

ಕಮ್ಯುನಿಸ್ಟರ ಕಾಲದ ಸಾಮೂಹಿಕ ಬೇಸಾಯ ಮುಗಿದು ಹುಲ್ಲುಗಾವಲುಗಳು ಮತ್ತೆ ನಮ್ಮ ನಮ್ಮ ಕೈಗೆ ಬಂದ ಹೊಸತು. ಆ ಬೇಸಿಗೆಯಲ್ಲಿ ನಮ್ಮ ಚರ್ಚಿನ ಪಾರುಪತ್ಯಗಾರ ಮುದುಕ, ಕಣ್ಣು ಕಾಣುವುದಿಲ್ಲವೆಂದು ಕೆಲಸ ಬಿಟ್ಟ. ಪಾರುಪತ್ಯಗಾರನೆಂದರೆ ಚರ್ಚಿನ ಕೀಲಿಕೈ ಇಟ್ಟುಕೊಳ್ಳುವವನು. ಹಬ್ಬದ ದಿನ ಊರ ಪರವಾಗಿ ಪಾದ್ರಿಗೆ ಶುಭ ಕೋರುವವನು. ಸತ್ತವರ ಮನೆಯಲ್ಲಿ ಬಂದವರಿಗೆ ನಾಲ್ಕು ಮಾತು ಹೇಳುವವನು. ಎಲ್ಲರಿಗಿಂತ ಮುಂದೆ, ಹಬ್ಬದಲ್ಲಿ ರೊಟ್ಟಿ ದ್ರಾಕ್ಷಾರಸ ಇಡುವ ಮೇಜಿನ ಪಕ್ಕದಲ್ಲಿ, ಅವನಿಗೊಂದು ಬೇರೆ ಬೆಂಚು. ಶರತ್ಕಾಲದ ಕೃತಜ್ಞತೆಯ ಹಬ್ಬದ ದಿನ ಹೊಸಬನ ಆಯ್ಕೆಯೆಂದು ನಿಶ್ಚಯವಾಯಿತು. ದೇನೆಶನಿಗೆ ಆ ಬೆಂಚು ಬೇಕಾಗಿತ್ತು. ಕೀಲಿಕೈಯ ಆಸೆಗಲ್ಲ. ಮದುವೆಯಾದಂದಿನಿಂದ ಊರು ಅವನನ್ನು ಅರ್ಧ ನಮ್ಮವನೆಂದು ಲೆಕ್ಕ ಹಿಡಿದಿತ್ತು. ಇಡೀ ನಮ್ಮವನೆಂದು ಊರೆಲ್ಲ ನೋಡುವ ಹಾಗೆ ಒಮ್ಮೆ ಕೂರಬೇಕೆಂಬುದು ಅವನ ಆಸೆ. ಅವನು ಇದನ್ನು ಯಾರಿಗೂ ಹೇಳಿರಲಿಲ್ಲ. ಹಾಗಾಗಿ ಎಲ್ಲರಿಗೂ ಗೊತ್ತಿತ್ತು.

ಅದೇ ಬೆಂಚಿನ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬನೆಂದರೆ ಬೋಗಾರ್ ಗೆರ್ಗೆಯ್, ದೇನೆಶನ ಪಕ್ಕದ ಮನೆಯವನು. ಇಬ್ಬರ ಹುಲ್ಲುಗಾವಲೂ ಗುಡ್ಡದ ಮೇಲೆ ಒತ್ತಿಗೆ ಒತ್ತಿಗೆ ಇದ್ದವು. ಒಬ್ಬನ ಹುಲ್ಲನ್ನು ಇನ್ನೊಬ್ಬನೂ ಸೇರಿ ಸಾಗಿಸುವ ಮುಯ್ಯಾಳಿನ ಪದ್ಧತಿ. ಗೆರ್ಗೆಯ್ ದೊಡ್ಡ ದನಿಯ ಮನುಷ್ಯ. ಅವನು ಅಂಗಳದಲ್ಲಿ ಸೀನಿದರೆ ಮೂರನೆಯ ಹಳ್ಳಿಯಲ್ಲಿ ಚಿರಂಜೀವಿಯಾಗು ಎನ್ನುತ್ತಿದ್ದರು. ಅವನ ಹೆಂಡತಿ, ಅತ್ತೆ, ಅಜ್ಜಿ ಎಲ್ಲರೂ ಕೆಳಗಿನ ಬೀದಿಯವರೇ. ಅವನ ಕೋಳಿಗಳೂ ಮೇಲಿನ ಬೀದಿಗೆ ಹೋಗುತ್ತಿರಲಿಲ್ಲ.

ಎರಡನೆಯ ಕೊಯ್ಲಿನ ಹುಲ್ಲು ಸಾಗಿಸುವ ದಿನ ಇಬ್ಬರೂ ಗುಡ್ಡಕ್ಕೆ ಹೋದರು. ಇಳಿಜಾರಿನಲ್ಲಿ ತುಂಬಿದ ಬಂಡಿ ಅಡ್ಡಕ್ಕೆ ಹೋಗುವಾಗ, ಅದು ಕೆಳಮಗ್ಗುಲಿಗೆ ವಾಲದಂತೆ ಮೇಲುಮಗ್ಗುಲಲ್ಲಿ ಒಬ್ಬ ಕವಲುಗೋಲನ್ನು ಹುಲ್ಲಿಗೆ ಚುಚ್ಚಿ, ಅದಕ್ಕೆ ಜೋತುಬಿದ್ದು ನಡೆಯಬೇಕು. ದೇನೆಶ್ ಹುಲ್ಲಿನ ಮೇಲೆ ಕೂತು ಕುದುರೆ ಹೊಡೆಯುತ್ತಿದ್ದ, ಗೆರ್ಗೆಯ್ ಜೋತುಬಿದ್ದಿದ್ದ. ನಡುದಾರಿಯಲ್ಲಿ ಒಂದು ಗಾಲಿ ಇಲಿಬಿಲದೊಳಗೆ ಕುಸಿಯಿತು. ಗೆರ್ಗೆಯ್‌ನ ಕಾಲು ಜಾರಿತೋ, ಕೋಲು ಕಿತ್ತು ಬಂತೋ, ಬಂಡಿ ಮೆಲ್ಲಗೆ, ಮುದುಕಿ ಮಗ್ಗುಲು ಬದಲಿಸಿದ ಹಾಗೆ ಉರುಳಿತು. ದೇನೆಶ್ ಕೆಳಗೆ, ಇಡೀ ಹುಲ್ಲು ಅವನ ಮೇಲೆ.

ಎದುರು ಗುಡ್ಡದಲ್ಲಿ ಮೇಲಿನ ಬೀದಿಯ ಹತ್ತಾರು ಜನ ಕುಡುಗೋಲು ಹಿಡಿದಿದ್ದರು. ನಡುವೆ ಕಣಿವೆ, ಹೊಳೆ. ಆದರೂ ಅವರಿಗೆ ಒಂದು ಕೂಗು ಸ್ಪಷ್ಟವಾಗಿ ಕೇಳಿಸಿತು: ಯೇಸುವೇ, ಕೈಬಿಡಬೇಡ. ಅವರು ಓಡಿ ಬಂದರು. ಬರುವಷ್ಟರಲ್ಲಿ ಗೆರ್ಗೆಯ್ ಒಬ್ಬನೇ ಎರಡೂ ಕೈಯಲ್ಲಿ ಹುಲ್ಲು ಬಗೆದು ದೇನೆಶನ ಬೂಟುಗಳನ್ನು ಪತ್ತೆ ಮಾಡಿದ್ದ. ಯಾರು ಕೂಗಿದ್ದು ಎಂದು ಅವರು ಕೇಳಿದರು. ಗೆರ್ಗೆಯ್ ಗದ್ದದಿಂದ ಬೂಟುಗಳ ಕಡೆ ತೋರಿಸಿದ. ದೇನೆಶನನ್ನು ಎಳೆದು ತೆಗೆದಾಗ ಅವನ ಮುಖ ನೀಲಿಗಟ್ಟಿತ್ತು, ಒಂದು ಪಕ್ಕೆಲುಬು ಮುರಿದಿತ್ತು, ಬಾಯಿ ತುಂಬ ಹುಲ್ಲು.

"ದೇನೆಶಣ್ಣ, ಯೇಸೂನ ಕರೆದ್ಯಾ?" ಎಂದು ಮೇಲಿನ ಬೀದಿಯವನೊಬ್ಬ ಕೇಳಿದ.

ದೇನೆಶ್ ಹುಲ್ಲು ಉಗುಳಿದ. "ಕರೆದೆ" ಅಂದ.

ಸಂಜೆಯ ಹೊತ್ತಿಗೆ ಸುದ್ದಿ ಕಣಿವೆಯ ತುದಿಯವರೆಗೆ ಹೋಗಿ, ಅಲ್ಲಿ ಸ್ವಲ್ಪ ದಪ್ಪವಾಗಿ ವಾಪಸು ಬಂತು. ಮೇಲಿನ ಬೀದಿಯವರು ದೇನೆಶನಿಗೆಂದು ಕೋಲಿಗೆ ಸುತ್ತಿ ಕೆಂಡದ ಮೇಲೆ ಸುಟ್ಟ ಸಿಹಿ ರೊಟ್ಟಿ ಕಳಿಸಿದರು. ಕೆಳಗಿನ ಬೀದಿಯಿಂದ ಏನೂ ಬರಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದ ದೇನೆಶ್ ರೊಟ್ಟಿಯ ವಾಸನೆಗೇ ತನ್ನ ಪರಿಸ್ಥಿತಿ ಏನೆಂದು ಅರ್ಥ ಮಾಡಿಕೊಂಡ. ಬೆಂಚು ಕೈಬಿಟ್ಟು ಹೋಗುತ್ತಿತ್ತು.

ಅವನು ಮೊದಲು ಹೆಂಡತಿಯನ್ನು ಅನುಮಾನಿಸಿದ. ಸುದ್ದಿಯನ್ನು ಹಬ್ಬಿಸಿದವಳು ಇವಳೇ ಎಂದು. ಪಿರೋಶ್ಕಾ ತನಗೆ ಹಬ್ಬಿಸಲು ಪುರುಸೊತ್ತೇ ಸಿಗಲಿಲ್ಲ, ತಾನು ಬಾಗಿಲಿಗೆ ಹೋಗುವ ಮೊದಲೇ ಊರಿಗೆಲ್ಲ ಗೊತ್ತಿತ್ತು ಎಂದು ಬೇಸರದಿಂದಲೇ ಹೇಳಿದಳು. ಅವಳಿಗೂ ಅನುಮಾನವಿತ್ತು: ಇಷ್ಟು ವರ್ಷ ಊಟದ ಹೊತ್ತಿನಲ್ಲಿ ತುಟಿ ಬಿಗಿ ಹಿಡಿದವನು ನಿಜವಾಗಿ ಕರೆದನೇ, ಅಥವಾ ಎದುರು ಗುಡ್ಡದವರು ಬೇಗ ಓಡಿ ಬರಲೆಂದು ಅವರ ಭಾಷೆಯಲ್ಲಿ ಕೂಗಿದನೇ?

"ನೀವು ಕರೆದ್ರಿ. ಅವನು ಬಂದ. ಬದುಕಿದ್ರಿ. ಇನ್ನೇನು ಬೇಕು ನಿಮಗೆ?" ಎಂದಳು ಕೊನೆಗೆ.

"ಬಂದದ್ದು ಗೆರ್ಗೆಯ್" ಅಂದ ದೇನೆಶ್.

"ಗೆರ್ಗೆಯ್‌ನ ಕಳಿಸಿದ್ದು ಯಾರು?"

"ಅವನನ್ನ ಮುಯ್ಯಾಳಿಗೆ ಕರೆದದ್ದು ನಾನೇ ಕಣೇ."

ಪಕ್ಕೆಲುಬು ಕೂಡಿ ಅವನು ಬೀದಿಗೆ ಇಳಿದ ಮೇಲೆ ಪರೀಕ್ಷೆ ಶುರುವಾಯಿತು. ಹೆದರಿದಾಗ ಬಾಯಿಂದ ಬರುವುದೇ ನಿಜವಾದ ನಂಬಿಕೆ ಎಂದು ನಮ್ಮವರು ತೀರ್ಮಾನಿಸಿದ್ದರು. ಅವನು ಬೇಲಿಯ ಪಕ್ಕ ಹೋದರೆ ಬೇಲಿಯ ಹಿಂದಿನಿಂದ ಯಾರೋ ತಗಡು ಬಡಿಯುತ್ತಿದ್ದರು. ಹೆಂಡದಂಗಡಿಯಲ್ಲಿ ಕಾಲ ಮೇಲೆ ಕುರ್ಚಿ ಬೀಳುತ್ತಿತ್ತು. ಒಬ್ಬನಂತೂ ಸೇತುವೆಯ ಮೇಲೆ ಅವನತ್ತ ಹೋರಿ ಬಿಟ್ಟ. ಹೋರಿಯೂ ಕಿವಿ ನಿಮಿರಿಸಿ ಇವನು ಏನನ್ನುತ್ತಾನೋ ಎಂದು ಕೇಳಿಸಿಕೊಂಡಿತಂತೆ. ದೇನೆಶ್ ಎಲ್ಲಕ್ಕೂ ಒಂದೇ ಮಾತು ಹೇಳುತ್ತಿದ್ದ, ಅದು ಯಾವ ದೇವರಿಗೂ ಸಂಬಂಧಿಸಿದ್ದಲ್ಲ, ಇಲ್ಲಿ ಬರೆಯುವಂಥದ್ದೂ ಅಲ್ಲ. ಅದರಿಂದ ಅನುಮಾನ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಅಭ್ಯಾಸ ಮಾಡಿಕೊಂಡು ಬಂದಿದ್ದಾನೆ ಎಂದರು.

ಹಬ್ಬಕ್ಕೆ ಮುಂಚೆ ಚರ್ಚಿನ ಹಿರಿಯರ ಮಂಡಳಿ ಪಾದ್ರಿಯ ಮನೆಯಲ್ಲಿ ಸೇರಿತು. ನಾನೂ ಮಂಡಳಿಯಲ್ಲಿದ್ದೆ. ನಮ್ಮ ಪಾದ್ರಿ ತಿಹಾಮೇರ್ ಇನ್ನೂ ಮೂವತ್ತು ದಾಟದವನು, ಊರಿಗೆ ಬಂದು ಎರಡು ಚಳಿಗಾಲವಾಗಿತ್ತು. ಅಭ್ಯರ್ಥಿಗಳಿಬ್ಬರನ್ನೂ ಎದುರಿಗೆ ಕೂರಿಸಿ, ಮಂಡಳಿಯವರು ಬೈಬಲನ್ನು ತರಿಸಿ ಜಗಳಕ್ಕೆ ಕೂತರು. ಕುಲುಮೆಯವನು, ತಂದೆ ನನಗಿಂತ ದೊಡ್ಡವನೆಂದು ಯೇಸುವೇ ಹೇಳಿಬಿಟ್ಟಿದ್ದಾನಲ್ಲ, ಇನ್ನು ಮಾತೇನಿದೆ ಎಂದ. ಗಿರಣಿಯವನು, ಅದೇ ಯೋಹಾನನ ಸುವಾರ್ತೆಯಲ್ಲಿ ನಾನೂ ತಂದೆಯೂ ಒಂದೇ ಎಂದೂ ಹೇಳಿದ್ದಾನೆ, ಮೇಲಿನ ಬೀದಿಯವರು ಅದನ್ನೇ ಹಿಡಿದಿದ್ದಾರೆ ಎಂದ. ಒಂದೇ ಎಂದರೆ ಒಂದೇ ಮನಸ್ಸಿನವರು ಎಂದಷ್ಟೇ, ನಾನೂ ನನ್ನ ಹೆಂಡತಿಯೂ ಒಂದೇ ಎಂದರೆ ನಾನೇನು ಲಂಗ ಉಡುತ್ತೇನೆಯೇ ಎಂದು ಕುಲುಮೆಯವನು ಕೇಳಿದ. ಅವನ ಹೆಂಡತಿಯ ಜೊತೆ ಅವನ ಮನಸ್ಸು ಎಂದೂ ಒಂದಾಗಿರಲಿಲ್ಲವಾದ್ದರಿಂದ ಆ ಉದಾಹರಣೆ ಯಾರಿಗೂ ಹಿಡಿಸಲಿಲ್ಲ.

ಆಮೇಲೆ ಗಿರಣಿಯವನು, ಯೇಸುವಿಗಾಗಿ ಮೊದಲು ಪ್ರಾಣ ಕೊಟ್ಟ ಸ್ತೆಫನನ ವಿಷಯ ಎತ್ತಿದ. ಜನ ಕಲ್ಲೆಸೆದು ಕೊಲ್ಲುವಾಗ ಸ್ತೆಫನ ಯಾರನ್ನು ಕರೆದ? ಯೇಸುವೇ, ನನ್ನ ಆತ್ಮವನ್ನು ತೆಗೆದುಕೋ ಎಂದ. ಹಾಗಾದರೆ ಸಾಯುವ ಹೊತ್ತಿನಲ್ಲಿ ಯೇಸುವನ್ನು ಕರೆಯುವುದು ಬೈಬಲಿನಲ್ಲೇ ಇದೆ. ಕುಲುಮೆಯವನಿಗೆ ಗಿರಣಿಯವನ ಮೇಲೇ ಅನುಮಾನ ಬಂತು. ನಿನ್ನ ಅಜ್ಜಿ ಯಾವ ಬೀದಿಯವಳು ಎಂದು ಕೇಳಿದ. ಪಾದ್ರಿ ನಡುವೆ ಬಂದು, ಸ್ತೆಫನ ಆಕಾಶದಲ್ಲಿ ಯೇಸು ದೇವರ ಬಲಗಡೆ ನಿಂತದ್ದನ್ನು ಕಂಡನೆಂದಿದೆ, ದೇವರ ಪಕ್ಕದಲ್ಲಿ ನಿಂತವನು ದೇವರಿಗಿಂತ ಬೇರೆಯವನೇ ಆದಾನು ಎಂದು ನಾವು ಓದುತ್ತೇವೆ ಎಂದ. ಎದುರಿನವರು ಅದನ್ನು ಹಾಗೆ ಓದುವುದಿಲ್ಲ ಎಂದೂ ಸೇರಿಸಿದ. ಹೊಸ ಪಾದ್ರಿಗಳಲ್ಲಿ ಇದೊಂದು ಕೆಟ್ಟ ಅಭ್ಯಾಸ, ಎದುರಿನವರು ಏನೆನ್ನುತ್ತಾರೆಂದೂ ಹೇಳುತ್ತಾರೆ.

ಕೊನೆಗೆ ಪಾದ್ರಿ ದೇನೆಶನ ಕಡೆ ತಿರುಗಿದ. "ದೇನೆಶ್ ದೊಡ್ಡಪ್ಪ, ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಯೇಸುವನ್ನ ದೇವರು ಅಂತ ಕರೆದ್ರಾ?"

"ಕರೆದೆ ಪಾದ್ರಿಯವರೇ. ದೇವರು ಅಂತ ಕರೆದ್ನೋ ಇಲ್ವೋ ನನಗೇ ಗೊತ್ತಿಲ್ಲ. ಮೊದಲು ನಮ್ಮಮ್ಮನ್ನ ಕರೆದೆ. ಅವಳು ಸತ್ತು ಎಷ್ಟೋ ವರ್ಷ ಆಯ್ತು. ಅಮ್ಮನ್ನ ದೇವರು ಮಾಡ್ದ ಅಂತ ಯಾರೂ ನನ್ನ ಮೇಲೆ ತಗಡು ಬಡೀಲಿಲ್ಲ."

ಕುಲುಮೆಯವನು ಕೆಮ್ಮಿದ. ತಗಡು ಅವನದೇ.

ಹಾಸಿಗೆ ಹಿಡಿದಿದ್ದಾಗ ತಾನು ನಾಲ್ಕೂ ಸುವಾರ್ತೆಗಳನ್ನು ಮೊದಲಿನಿಂದ ಓದಿದೆ ಎಂದು ದೇನೆಶ್ ಹೇಳಿದ. ನಾನೇ ದೇವರು, ನನ್ನನ್ನು ಪೂಜಿಸಿ ಎಂದು ಯೇಸು ಹೇಳಿದ್ದು ಎಲ್ಲೂ ಕಾಣಲಿಲ್ಲ. ನನ್ನನ್ನು ಒಳ್ಳೆಯವನೆಂದು ಯಾಕೆ ಕರೆಯುತ್ತೀ, ಒಳ್ಳೆಯವನು ದೇವರೊಬ್ಬನೇ ಎಂದು ಒಬ್ಬನನ್ನು ಗದರಿದ್ದು ಕಂಡಿತು. ಆದರೆ ಕೊನೆಯಲ್ಲಿ ಅನುಮಾನದ ಶಿಷ್ಯ ತೋಮ ಬಂದು ಯೇಸುವಿಗೇ, ನನ್ನ ಕರ್ತನೇ, ನನ್ನ ದೇವರೇ ಎಂದನಲ್ಲ, ಅಲ್ಲಿ ಅವನನ್ನು ಗದರಿದ್ದು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

"ಎರಡು ಸಲ ಹುಡುಕಿದೆ. ಬೇಕಾದ್ರೆ ನೀವೂ ಹುಡುಕಿ" ಎಂದು ಅವನು ಸುತ್ತ ನೋಡಿದ. "ನನ್ನ ಮೇಲೆ ನಿಮಗಿರೋ ಅನುಮಾನ ನನಗೂ ಇದೆ."

ಮಂಡಳಿ ಸುಮ್ಮನಾಯಿತು. ನಮ್ಮೂರಿನಲ್ಲಿ ಮಂಡಳಿ ಸುಮ್ಮನಾದದ್ದು ಅದಕ್ಕೆ ಹಿಂದೆ ಒಮ್ಮೆ, ನೆಪೋಲಿಯನ್ ಸತ್ತ ಸುದ್ದಿ ಬಂದಾಗ ಎಂದು ನಮ್ಮಜ್ಜ ಹೇಳುತ್ತಿದ್ದ. ಪಾದ್ರಿ ಗೆರ್ಗೆಯ್‌ನನ್ನು ಏನಾದರೂ ಹೇಳುವುದಿದೆಯೇ ಎಂದು ಕೇಳಿದ. ಅವನು ತನ್ನ ಟೋಪಿಯ ಅಂಚನ್ನು ತಿರುಗಿಸುತ್ತ, ನನಗೇನೂ ಇಲ್ಲ ಎಂದ. ಆ ದೊಡ್ಡ ದನಿ ಅಷ್ಟು ಸಣ್ಣಗೆ ಬಂದದ್ದು ನನಗೆ ಆಗಲೇ ಸರಿಕಾಣಲಿಲ್ಲ.

ಹಬ್ಬದ ದಿನ ಬಂತು. ಮೇಜಿನ ಮೇಲೆ ಹೊಸ ಗೋಧಿಯ ಬ್ರೆಡ್ಡು, ದ್ರಾಕ್ಷಾರಸ. ಆರಾಧನೆ ಮುಗಿದ ಮೇಲೆ ಆಯ್ಕೆ. ಮತ ಹಾಕುವಾಗ ಅಭ್ಯರ್ಥಿಗಳು ಒಳಗಿರಕೂಡದು, ಹೊರಗೆ ಹೋಗಿ ಅಂಗಳದ ಮರದಡಿ ನಿಲ್ಲಬೇಕು. ದೇನೆಶ್ ಮತ್ತು ಗೆರ್ಗೆಯ್ ಬಂಡಿ ಉರುಳಿದ ದಿನದಿಂದ ಇಬ್ಬರೇ ಒಂದು ಕಡೆ ನಿಂತಿರಲಿಲ್ಲ. ಅಲ್ಲಿ ನಡೆದದ್ದನ್ನು ನಾನು ಕಂಡವನಲ್ಲ. ಎಷ್ಟೋ ವರ್ಷದ ಮೇಲೆ ಇಬ್ಬರೂ ನನ್ನ ಕೆಲಸದ ಕೊಟ್ಟಿಗೆಯಲ್ಲಿ ಕೂತು, ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಸೇರಿಸಿ ಹೇಳಿದ್ದು. ಇಬ್ಬರು ಸೇಕೆಯರು ಒಂದೇ ಕಥೆಯನ್ನು ಒಂದೇ ಥರ ಹೇಳಿದರೆಂಬ ಕಾರಣಕ್ಕೇ ನಾನು ಅದನ್ನು ಬಹಳ ಕಾಲ ನಂಬಿರಲಿಲ್ಲ.

ದೇನೆಶ್ ಹಾಸಿಗೆಯಲ್ಲಿ ಮಲಗಿ ಸುವಾರ್ತೆಯನ್ನಷ್ಟೇ ಯೋಚಿಸಿರಲಿಲ್ಲ. ಹುಲ್ಲನ್ನೂ ಯೋಚಿಸಿದ್ದ. ಹುಲ್ಲಿನ ಗುಣ ಅವನಿಗಿಂತ ಚೆನ್ನಾಗಿ ತಿಳಿದವರು ಯಾರು? ಒಂದು ಬಂಡಿ ಹುಲ್ಲಿನಡಿ ಬಿದ್ದವನು, ಬಾಯಿ ತುಂಬ ಹುಲ್ಲು ತುಂಬಿದವನು, ಎಷ್ಟು ಕಿರುಚಿದರೂ ಅದು ಹೊರಗೆ ನಿಂತ ಕುದುರೆಗೂ ಕೇಳಿಸುವುದಿಲ್ಲ. ಎದುರು ಗುಡ್ಡದವರಿಗೆ ಕೇಳಿಸಿತೆಂದರೆ?

"ಭಾವ, ಒಂದು ಮಾತು" ಎಂದು ದೇನೆಶ್ ಮರದ ಕಡೆಗೆ ನೋಡುತ್ತಲೇ ಕೇಳಿದನಂತೆ. ನಮ್ಮಲ್ಲಿ ನೆಂಟಸ್ತನವಿಲ್ಲದಿದ್ದರೂ ಒಂದೇ ವಯಸ್ಸಿನವರು ಭಾವ ಎಂದೇ ಕರೆಯುವುದು. "ನಾನು ಕರೆದದ್ದು ನನಗೆ ಗೊತ್ತು. ಹುಲ್ಲಿನೊಳಗೆ ಕರೆದೆ. ಹೊಳೆ ಆಚೆ ಕೇಳಿಸಿದ್ದು ಯಾರ ಕೂಗು?"

ಗೆರ್ಗೆಯ್ ಬೂಟಿನ ತುದಿಯಿಂದ ಮಣ್ಣು ಕೆದಕಿದ.

"ಕೋಲು ಕಿತ್ತು ಬಂತು. ಬೇಕು ಅಂತ ಬಿಡಲಿಲ್ಲ, ಭಾವ, ನನ್ನ ಮಕ್ಕಳಾಣೆ. ನೀನು ಕೆಳಗೆ ಹೋಗಿದ್ದು ಕಂಡೆ. ಸತ್ತೇ ಹೋದೆ ಅಂದ್ಕೊಂಡೆ. ಬಾಯಿಂದ ಅದು ಹೊರಗೆ ಬಂದ ಮೇಲೇ ನನಗೆ ಕೇಳಿಸಿದ್ದು."

"ನೀನು. ಯೇಸೂನ."

"ನಾನೇ. ಅವರು ಓಡಿ ಬಂದು ಯಾರು ಅಂತ ಕೇಳಿದಾಗ, ನಿನ್ನ ಬೂಟು ಕಾಣಿಸ್ತಿತ್ತು. ಬೂಟು ತೋರಿಸ್ದೆ. ನೀನು ಇಲ್ಲ ಅಂತೀಯ, ಮುಗಿದುಹೋಗುತ್ತೆ ಅಂದ್ಕೊಂಡೆ. ನೀನು ಕರೆದೆ ಅಂದ್ಬಿಟ್ಟೆ."

"ಕರೆದಿದ್ನಲ್ಲ."

"ಅದೇ ನೋಡು. ನೀನೂ ಕರೆದಿರ್ತೀಯ ಅಂತ ನಾನೇನು ಕನಸು ಕಂಡಿದ್ನಾ?"

ಈಗ ದೇನೆಶನ ಕೈಯಲ್ಲಿ ಬೆಂಚು ಇತ್ತು. ಒಳಗೆ ಹೋಗಿ ಒಂದು ಮಾತು ಹೇಳಿದರೆ ಸಾಕು. ಮೇಲಿನ ಬೀದಿಯ ಹತ್ತಾರು ಸಾಕ್ಷಿಗಳಿದ್ದರು, ಅವರು ಕೇಳಿದ್ದು ಯಾರ ದನಿಯೆಂದು ಸ್ವಲ್ಪ ಯೋಚಿಸಿದರೆ ಅವರಿಗೂ ಹೊಳೆಯುತ್ತಿತ್ತು. ಅವನು ಒಂದು ಎಲೆ ಕಿತ್ತು ಹರಿದು ಹಾಕಿದ. ಆಮೇಲೆ ತನ್ನಿಂದ ಈ ಮಾತು ಹೊರಗೆ ಹೋಗುವುದಿಲ್ಲ, ಬೆಂಚು ನಿನಗೇ ಬಂದರೆ ಹೋಗಿ ಕೂತುಕೋ ಎಂದ. ಯಾಕೆ ಎಂದು ಗೆರ್ಗೆಯ್ ಕೇಳಿದ, ಅನುಮಾನದಿಂದಲೇ ಕೇಳಿದ. ನನ್ನ ಜೀವ ಉಳಿಯಲಿ ಎಂದು ಕೂಗಿದವನ ಮೇಲೆ ದೂರು ಹೇಳುವುದು ಹೇಗೆ ಎಂದು ದೇನೆಶ್ ಹೇಳಿದನಂತೆ. ಹಾಗೆ ಹೇಳಿಲ್ಲ, ಬರೀ ಕೆಮ್ಮಿದ ಎಂದು ಗೆರ್ಗೆಯ್ ಹೇಳುತ್ತಾನೆ. ಇಬ್ಬರ ಕಥೆ ಬೇರೆಯಾಗುವುದು ಇಲ್ಲಿ ಮಾತ್ರ.

ಬಾಗಿಲು ತೆರೆದು ಇಬ್ಬರನ್ನೂ ಒಳಗೆ ಕರೆದರು. ಗೆರ್ಗೆಯ್ ಗೆದ್ದಿದ್ದ, ಕೂದಲೆಳೆಯಷ್ಟರಲ್ಲಿ. ತನಗೇ ಗೊತ್ತಿಲ್ಲ ಎಂದು ಒಪ್ಪಿಕೊಂಡವನಿಗೆ ಅಷ್ಟು ಮತ ಬಿದ್ದದ್ದೇ ನಮ್ಮಲ್ಲಿ ಒಂದು ಅಚ್ಚರಿ. ಪಾದ್ರಿ ಕೀಲಿಕೈಯನ್ನು ಮೇಜಿನ ಮೇಲೆ ಬೈಬಲಿನ ಪಕ್ಕದಲ್ಲಿಟ್ಟ. ಪಾರುಪತ್ಯಗಾರನಾಗುವವನು ಬೈಬಲಿನ ಮೇಲೆ ಕೈಯಿಟ್ಟು, ದೇವರು ಒಬ್ಬನೇ, ಅವನೊಬ್ಬನನ್ನೇ ಕರೆಯುತ್ತೇನೆ, ಈ ಮನೆಯನ್ನು ಕಾಯುತ್ತೇನೆ ಎಂದು ಹೇಳುವುದು ನಮ್ಮೂರ ಪದ್ಧತಿ.

ಗೆರ್ಗೆಯ್ ಮುಂದೆ ಹೋದ. ಕೈ ಎತ್ತಿದ. ಅಷ್ಟು ಅಗಲವಾದ ಕೈ ಬೈಬಲಿನ ಮೇಲೆ ಗಾಳಿಯಲ್ಲಿ ನಿಂತಿತು. ಗಂಡಸರ ಬೆಂಚಿನಿಂದ ಹೆಂಗಸರ ಬೆಂಚಿನವರೆಗೆ ಎಲ್ಲರೂ ಆ ಕೈಯನ್ನೇ ನೋಡಿದರು. ಕೈ ಇಳಿಯಲಿಲ್ಲ. ಅದು ಹಿಂದಕ್ಕೆ ಹೋಗಿ ಅವನ ಸೊಂಟ ಹಿಡಿದುಕೊಂಡಿತು.

"ಬೆನ್ನು ನೋವು ಪಾದ್ರಿಯವರೇ" ಅಂದ ಗೆರ್ಗೆಯ್. "ಈ ಬೆಂಚಿಗೆ ಒರಗೋಕೆ ಹಲಗೆ ಇಲ್ಲ. ನನಗಾಗೋಲ್ಲ. ದೇನೆಶ್ ಭಾವನಿಗೆ ಕೊಡಿ."

ನಮ್ಮ ಚರ್ಚಿನಲ್ಲಿ ಅದುವರೆಗೆ ಆ ಬೆಂಚನ್ನು ಬೇಡವೆಂದವನಿಲ್ಲ. ಅದಕ್ಕಾಗಿ ಹೆಣದ ಪೆಟ್ಟಿಗೆಯಿಂದ ಎದ್ದು ಕೂರಲು ತಯಾರಿದ್ದವರನ್ನು ನಾನು ಕಂಡಿದ್ದೇನೆ. ಪಾದ್ರಿ ದೇನೆಶನ ಕಡೆ ನೋಡಿದ. ದೇನೆಶ್ ಎದ್ದು ಬಂದು ಬೈಬಲಿನ ಮೇಲೆ ಕೈಯಿಟ್ಟ. ಪಾದ್ರಿ ಹೇಳಿಕೊಟ್ಟ: ದೇವರು ಒಬ್ಬನೇ. ದೇನೆಶ್ ಗಟ್ಟಿಯಾಗಿ ಹೇಳಿದ. ಅವನೊಬ್ಬನನ್ನೇ ಕರೆಯುತ್ತೇನೆ. ದೇನೆಶ್ ಬಾಯಿ ಮುಚ್ಚಿದ.

ಕಿಟಕಿಯ ಗಾಜಿಗೆ ನೊಣ ಬಡಿಯುವುದು ಕೇಳಿಸುತ್ತಿತ್ತು. ಆ ನೊಣಕ್ಕೂ ಕುತೂಹಲವಾಗಿ ಅದೂ ನಿಂತಿತು.

"ಒಬ್ಬನೇ ಅಂತ ಹೇಳಿದೀನಿ ಪಾದ್ರಿಯವರೇ, ಇನ್ನೊಂದು ಸಲ ಬೇಕಾದ್ರೂ ಹೇಳ್ತೀನಿ. ಮನೆ ಕಾಯ್ತೀನಿ, ಅದನ್ನೂ ಹೇಳ್ತೀನಿ. ಆದ್ರೆ ಬಂಡಿ ಮೈಮೇಲೆ ಬಿದ್ದಾಗ ಯಾರನ್ನ ಕರೀತೀನಿ ಅಂತ ಈಗಲೇ ಮಾತು ಕೊಡೋದು ಹೇಗೆ? ಬಿದ್ದಾಗ ನೋಡೋಣ."

ಕುಲುಮೆಯವನು ಏಳಲು ಹೊರಟ. ಗೆರ್ಗೆಯ್ ಹಿಂದಿನಿಂದ ಅವನ ಕೋಟು ಹಿಡಿದು ಕೂರಿಸಿದ. ಇದು ಎಲ್ಲರಿಗೂ ಕಂಡಿತು. ಆಮೇಲೆ ಪಾದ್ರಿ, ಸುಳ್ಳು ಪ್ರಮಾಣ ಮಾಡಿದವನಿಗಿಂತ ಅರ್ಧ ಪ್ರಮಾಣ ಮಾಡಿದವನು ನನಗೆ ಸಾಕು, ಸಭೆಗೂ ಸಾಕೇ ಎಂದು ಕೇಳಿದ. ನಾನು ಕೈ ಎತ್ತಿದೆ. ಗಿರಣಿಯವನು ಎತ್ತಿದ. ಒಂದೊಂದಾಗಿ, ಪಕ್ಕದವನು ಎತ್ತಿದನೇ ಎಂದು ಓರೆಗಣ್ಣಿನಲ್ಲಿ ನೋಡಿಕೊಂಡು, ಸಾಕಷ್ಟು ಕೈಗಳು ಎದ್ದವು. ದೇನೆಶ್ ಕೀಲಿಕೈ ತೆಗೆದುಕೊಂಡು ಬೆಂಚಿನ ಮೇಲೆ ಕೂತ. ಬಹಳ ಮೆಲ್ಲಗೆ, ಮುರಿದುಹೋದೀತೇನೋ ಎನ್ನುವ ಹಾಗೆ ಕೂತ.

ಅವನು ಇಡೀ ನಮ್ಮವನಾದನೇ ಎಂದರೆ, ಆಗಲಿಲ್ಲ. ಚರ್ಚಿನ ಬಾಗಿಲು ದಾಟುವ ಮೊದಲೇ ಊರು ಹೊಸ ಲೆಕ್ಕ ಶುರು ಮಾಡಿತ್ತು. ಗೆದ್ದವನು ಬೆಂಚು ಬಿಟ್ಟುಕೊಟ್ಟ. ಸುಮ್ಮನೆ ಬಿಟ್ಟುಕೊಡುವವನೇ ಗೆರ್ಗೆಯ್? ಮರದಡಿ ಇಬ್ಬರೇ ನಿಂತಿದ್ದ ಹೊತ್ತಿನಲ್ಲಿ ದೇನೆಶ್ ಏನು ಕೊಟ್ಟ? ಕರುವಿರಬೇಕೆಂದರು ಕೆಲವರು. ಕರುವಲ್ಲ, ಗುಡ್ಡದ ಹುಲ್ಲುಗಾವಲಿನಲ್ಲಿ ಒಂದು ಪಟ್ಟಿ ನೆಲ ಎಂದರು ಉಳಿದವರು. ಇಬ್ಬರಲ್ಲಿ ಒಬ್ಬ ಇನ್ನೊಬ್ಬನಿಗೆ ನಾಚಿಕೊಂಡಿದ್ದನೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ಯೇಸು ದೇವರೋ ಅಲ್ಲವೋ ಎಂಬ ಮಾತನ್ನು ಆ ವಾರ ಎರಡೂ ಬೀದಿಯಲ್ಲಿ ಯಾರೂ ಎತ್ತಲಿಲ್ಲ.

ಊಟ ಮುಗಿಸಿ ಬಿಸಿಲು ಇಳಿಯುವ ಮೊದಲೇ ಅರ್ಧ ಊರು ಹಬ್ಬದ ಬಟ್ಟೆಯಲ್ಲಿಯೇ, ಗಾಳಿ ಸೇವನೆಗೆಂದು, ಗುಡ್ಡ ಹತ್ತಿತು. ಮೇಲಿನ ಬೀದಿಯವರೂ ಬಂದಿದ್ದರು. ದೇನೆಶನ ಹುಲ್ಲುಗಾವಲಿಗೂ ಗೆರ್ಗೆಯ್‌ನ ಹುಲ್ಲುಗಾವಲಿಗೂ ನಡುವೆ ನೆಟ್ಟಿದ್ದ ಗಡಿಗೂಟವನ್ನು ಸುತ್ತುಗಟ್ಟಿ ನಿಂತು ನೋಡಿದರು. ಕುಲುಮೆಯವನು ಬಗ್ಗಿ ಬುಡದ ಮಣ್ಣನ್ನು ಮೂಸಿದ. ಗೂಟ ಅಲುಗಿರಲಿಲ್ಲ, ಬುಡದಲ್ಲಿ ಹಳೆಯ ಪಾಚಿ ಹಾಗೆಯೇ ಇತ್ತು.

ಅದನ್ನು ಕಂಡ ಮೇಲೆ, ಇದರಲ್ಲಿ ಏನೋ ದೊಡ್ಡದೇ ಇದೆ ಎಂದು ಎಲ್ಲರಿಗೂ ಖಚಿತವಾಯಿತು.